ಭ್ರೂಣದ ಲಿಂಗ ಮತ್ತು ಜರಾಯುವಿನ ಕಾರ್ಯ

ಗರ್ಭಾಶಯದೊಳಗಿನ ಬೆಳವಣಿಗೆ ಹಾಗೂ ಜರಾಯುವಿನ ಕಾರ್ಯದ ಮೇಲೆ ಪ್ರಭಾವ ಬೀರುವ ಅಂಶಗಳಲ್ಲಿ ಭ್ರೂಣದ ಲಿಂಗವೂ ಒಂದು. ಆಡುಮಾತಿನಲ್ಲಿ ಮಾಸು ಎಂದು ಕರೆಯಲ್ಪಡುವ ಜರಾಯು, ತಾಯಿಯ ರಕ್ತದಿಂದ ಆಮ್ಲಜನಕ ಮತ್ತು ಪೋಷಕಾಂಶಗಳನ್ನು ಮಗುವಿಗೆ ಒದಗಿಸುತ್ತದೆ. ಅದರ ಬಹುಭಾಗ ಫಲಿತ ಅಂಡದಿಂದಲೇ ರೂಪುಗೊಳ್ಳುವುದರಿಂದ, ಗಂಡು ಮಗುವಿನ ಜರಾಯುವಿನ ಜೀವಕೋಶಗಳಲ್ಲಿ ಎಕ್ಸ್‌ವೈ, ಹೆಣ್ಣು ಮಗುವಿನದರಲ್ಲಿ ಎಕ್ಸ್‌ಎಕ್ಸ್ ವರ್ಣತಂತುಗಳಿರುತ್ತವೆ.

ಬೆಳವಣಿಗೆಯ ವ್ಯತ್ಯಾಸ

ಪೂರ್ಣಾವಧಿಗೆ ಜನಿಸಿದ ಗಂಡು ಶಿಶುಗಳು ಸರಾಸರಿ ಸುಮಾರು 100 ಗ್ರಾಂ ಹೆಚ್ಚು ತೂಗುತ್ತವೆ. ಆದರೆ ಮಗುವಿನ ತೂಕಕ್ಕೆ ಹೋಲಿಸಿದರೆ ಗಂಡು ಶಿಶುಗಳ ಜರಾಯು ಚಿಕ್ಕದಾಗಿರುತ್ತದೆ ಎಂದು ಫಿನ್ಲೆಂಡಿನ ಹೆಲ್ಸಿಂಕಿಯ ಜನನ ದಾಖಲೆಗಳ ಅಧ್ಯಯನ ತೋರಿಸಿದೆ. ಗಂಡು ಭ್ರೂಣವು ವೇಗವಾಗಿ ಬೆಳೆಯುತ್ತ ಕಡಿಮೆ ಮೀಸಲು ಸಾಮರ್ಥ್ಯವನ್ನು ಉಳಿಸಿಕೊಳ್ಳುತ್ತದೆ, ಹೆಣ್ಣು ಭ್ರೂಣವು ಪ್ರತಿಕೂಲ ಸ್ಥಿತಿಯಲ್ಲಿ ಬೆಳವಣಿಗೆಯನ್ನು ತಗ್ಗಿಸಿ ಹೊಂದಿಕೊಳ್ಳುತ್ತದೆ ಎಂಬುದು ಇದಕ್ಕೆ ನೀಡಲಾಗುವ ಒಂದು ವಿವರಣೆ. ಅವಧಿಪೂರ್ವ ಜನನದಲ್ಲಿ ಗಂಡು ಶಿಶುಗಳ ಮರಣ ಪ್ರಮಾಣ ಹೆಚ್ಚು.

ಮೈಸೂರಿನ ಅಧ್ಯಯನಗಳು

ಮೈಸೂರು ನಗರದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ (ಮಿಷನ್ ಆಸ್ಪತ್ರೆ) 1934ರಿಂದ ಶಿಶುಗಳ ಜನನ ಅಳತೆಗಳನ್ನು ದಾಖಲಿಸಲಾಗಿದೆ. ಇಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು ಆರಂಭವಾದ ಪಾರ್ಥೆನಾನ್ ಅಧ್ಯಯನವು ಅವರ ಮಕ್ಕಳನ್ನು ಹಲವು ವರ್ಷ ಅನುಸರಿಸಿತು. ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5ನೇ ವಯಸ್ಸಿಗೆ ಚರ್ಮದಡಿಯ ಕೊಬ್ಬು ಹಾಗೂ ಇನ್ಸುಲಿನ್ ಮಟ್ಟ ಹೆಚ್ಚಾಗಿದ್ದುದು ಕಂಡುಬಂದಿತು. 2011ರಲ್ಲಿ ಪ್ರಕಟವಾದ, 9 ವರ್ಷದ 471 ಮಕ್ಕಳ ವಿಶ್ಲೇಷಣೆಯಲ್ಲಿ ಜರಾಯುವಿನ ಗಾತ್ರ ಹಾಗೂ ಆಕಾರಕ್ಕೂ ರಕ್ತದೊತ್ತಡಕ್ಕೂ ಇರುವ ಸಂಬಂಧವು ಗಂಡು, ಹೆಣ್ಣುಮಕ್ಕಳಲ್ಲಿ ಬೇರೆ ಬೇರೆಯಾಗಿತ್ತು. ಕುಳ್ಳ ತಾಯಂದಿರ ಹೆಣ್ಣುಮಕ್ಕಳಲ್ಲಿ ಜರಾಯು ಅಗಲವಾದಷ್ಟೂ ರಕ್ತದೊತ್ತಡ ಹೆಚ್ಚಾಗಿತ್ತು.

ತಂಬಾಕು ಬೆಳೆಯುವ ತಾಲ್ಲೂಕುಗಳು

ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳು ವರ್ಜೀನಿಯಾ ತಂಬಾಕಿಗೆ ಹೆಸರಾಗಿವೆ. ಎಲೆ ಕೀಳುವ, ಕಟ್ಟುವ ಮತ್ತು ವಿಂಗಡಿಸುವ ಕೆಲಸದಲ್ಲಿ ಮಹಿಳೆಯರೂ ತೊಡಗುತ್ತಾರೆ. ಒದ್ದೆಯಾದ ಹಸಿ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ದೇಹ ಸೇರುತ್ತದೆ ಮತ್ತು ಜರಾಯುವನ್ನು ದಾಟಿ ಭ್ರೂಣವನ್ನು ತಲುಪಬಲ್ಲದು. ತಾಯಿ ಉಸಿರಾಡುವ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಭ್ರೂಣಕ್ಕೆ ದೊರೆಯುವ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ. ಈ ಅಪಾಯವು ಗಂಡು, ಹೆಣ್ಣು ಎರಡೂ ಭ್ರೂಣಗಳಿಗಿದೆ. ಆದ್ದರಿಂದ ಗರ್ಭಿಣಿಯರು ಹಸಿ ಎಲೆ ಮತ್ತು ಹೊಗೆಯಿಂದ ದೂರವಿರುವುದು ಸೂಕ್ತ.

ಕಾನೂನು ಮತ್ತು ಆರೈಕೆ

ಭಾರತದಲ್ಲಿ 1994ರ ಕಾಯ್ದೆಯು ಭ್ರೂಣಲಿಂಗ ಪತ್ತೆ ಹಾಗೂ ಅದನ್ನು ತಿಳಿಸುವುದನ್ನು ನಿಷೇಧಿಸಿದೆ. ಮೇಲಿನ ಅಧ್ಯಯನಗಳಲ್ಲಿ ಮಕ್ಕಳ ಲಿಂಗವನ್ನು ಜನನಾನಂತರವೇ ದಾಖಲಿಸಲಾಯಿತು. ವ್ಯತ್ಯಾಸಗಳು ಸರಾಸರಿಗೆ ಸಂಬಂಧಿಸಿದವು. ಒಂದು ಗರ್ಭದ ಭವಿಷ್ಯವನ್ನಾಗಲೀ ಹೊಟ್ಟೆಯ ಆಕಾರದಿಂದ ಮಗುವಿನ ಲಿಂಗವನ್ನಾಗಲೀ ಹೇಳಲು ಅವು ಆಧಾರವಾಗುವುದಿಲ್ಲ. ನಿಯಮಿತ ತಪಾಸಣೆ, ಪೌಷ್ಟಿಕ ಆಹಾರ, ಕಬ್ಬಿಣಾಂಶದ ಮಾತ್ರೆ, ರಕ್ತದೊತ್ತಡ ಮತ್ತು ಮಧುಮೇಹದ ಪರೀಕ್ಷೆಗಳು ಎಲ್ಲ ಗರ್ಭಿಣಿಯರಿಗೂ ಸಮಾನವಾಗಿ ಅಗತ್ಯ.