ಬಿ.ವಿ. ಕಾರಂತರ ರಂಗಗೀತೆಗಳು

ಬಿ.ವಿ. ಕಾರಂತರ ರಂಗಗೀತೆಗಳು: 1970ರ ದಶಕದ ಕನ್ನಡ ನಾಟಕಗಳಿಗಾಗಿ ಹುಟ್ಟಿ, ನಾಟಕದ ಆವರಣ ದಾಟಿ ಜನಪ್ರಿಯವಾದ ಹಾಡುಗಳು. ರಂಗಶಿಬಿರ, ಮಕ್ಕಳ ಬೇಸಿಗೆ ಶಿಬಿರ, ಕಾಲೇಜಿನ ವೇದಿಕೆಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಮೂಲ ನಾಟಕವನ್ನು ನೋಡದವರೂ ಇವನ್ನು ಹಾಡಬಲ್ಲರು.

ಸಂಯೋಜಕ
ಬಾಬುಕೋಡಿ ವೆಂಕಟರಮಣ ಕಾರಂತ (1929–2002) ಬಂಟ್ವಾಳ ತಾಲೂಕಿನ ಮಂಚಿಯವರು. ಎಳವೆಯಲ್ಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದರು. ವೀರಣ್ಣನವರ ನೆರವಿನಿಂದ ಕಾಶಿಗೆ ಹೋಗಿ ಎಂ.ಎ. ಓದಿದರು, ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದುಸ್ತಾನಿ ಸಂಗೀತ ಕಲಿತರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಯಾದರು, 1977ರಲ್ಲಿ ಅದರ ನಿರ್ದೇಶಕರೂ ಆದರು. ಯಕ್ಷಗಾನದ ಊರು, ಕಂಪನಿಯ ಹಾರ್ಮೋನಿಯಂ, ಕಾಶಿಯ ರಾಗ ಈ ಮೂರೂ ಅವರ ಸಂಗೀತದಲ್ಲಿ ಬೆರೆತಿವೆ.

ಹಿನ್ನೆಲೆ
ವೃತ್ತಿ ರಂಗಭೂಮಿಯ ಉಚ್ಛ್ರಾಯದಲ್ಲಿ ನಟನೆಂದರೆ ಗಾಯಕನೇ. ಮೆಚ್ಚಿದ ಹಾಡಿಗೆ ಪ್ರೇಕ್ಷಕರು 'ಒನ್ಸ್ ಮೋರ್' ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕಾಗುತ್ತಿತ್ತು. ಆಧುನಿಕ ಹವ್ಯಾಸಿ ನಾಟಕದಲ್ಲಿ ಮಾತು ಮುಂದಾಗಿ ಹಾಡು ಹಿಂದೆ ಸರಿಯಿತು. ಕಾರಂತರು ಹಾಡನ್ನು ರಂಗಕ್ಕೆ ಮರಳಿ ಕರೆತಂದು, ಕಥೆಯ ಕೆಲಸಕ್ಕೆ ಹಚ್ಚಿದರು.

ಪ್ರಮುಖ ನಾಟಕಗಳು
ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಯಲ್ಲಿ ಉತ್ತರ ಕರ್ನಾಟಕದ ಬಯಲಾಟದ ಧಾಟಿಗಳಿವೆ. ಗಿರೀಶ ಕಾರ್ನಾಡರ 'ಹಯವದನ'ದಲ್ಲಿ ಭಾಗವತ ಹಾಡಿನಿಂದಲೇ ಕಥೆ ನಡೆಸುತ್ತಾನೆ. ಶ್ರೀರಂಗರ 'ಸತ್ತವರ ನೆರಳು' ಮಠದೊಳಗಿನ ಅಧಿಕಾರದ ಕಥೆ. ಅಲ್ಲಿ ಕಾರಂತರು ಪುರಂದರದಾಸರ ಪದಗಳಿಗೆ ಹೊಸ ಮಟ್ಟು ಕೂಡಿಸಿದರು. ಭಜನೆಯಲ್ಲಿ ಕೇಳಿ ಪರಿಚಿತವಾಗಿದ್ದ ಸಾಲುಗಳು ಹೀಗೆ ರಂಗದ ಮೇಲೆ ಪ್ರಶ್ನೆಗಳಾಗಿ ಕೇಳಿಸಿದವು. ಕಾರಂತರು ಗೆಳೆಯರೊಂದಿಗೆ ಕಟ್ಟಿದ ಬೆಂಗಳೂರಿನ 'ಬೆನಕ' ತಂಡ ಈ ನಾಟಕಗಳನ್ನು ದಶಕಗಳ ಕಾಲ ಮತ್ತೆಮತ್ತೆ ಆಡಿದೆ. ಮಕ್ಕಳ ನಾಟಕ 'ಪಂಜರ ಶಾಲೆ'ಯ ಹಾಡುಗಳು ಶಾಲೆಗಳನ್ನು ಸೇರಿದವು.

ಇದೇ ದಶಕದಲ್ಲಿ 'ಋಷ್ಯಶೃಂಗ' (1976) ಮತ್ತು 'ಘಟಶ್ರಾದ್ಧ' (1977) ಚಿತ್ರಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು.

ಬಾಳಿಕೆಯ ಕಾರಣಗಳು
ಮೊದಲನೆಯದು, ಇವು ನಟರ ಕೊರಳಿಗೆ ಹೊಂದುವ ಹಾಡುಗಳು. ಶಾಸ್ತ್ರೀಯ ಸಾಧನೆ ಇಲ್ಲದವರೂ ಕುಣಿಯುತ್ತ, ಓಡಾಡುತ್ತ, ಗುಂಪಾಗಿ ಹಾಡಬಹುದು. ಒಬ್ಬರ ಶ್ರುತಿ ಸ್ವಲ್ಪ ಜಾರಿದರೂ ಮೇಳ ಎತ್ತಿಕೊಳ್ಳುತ್ತದೆ.

ಎರಡನೆಯದು, ಇಲ್ಲಿ ರಾಗ ಮಾತಿನ ಹಿಂದೆ ನಡೆಯುತ್ತದೆ. ಕನ್ನಡ ಪದದ ಒತ್ತು, ಎಳೆತ, ನಿಲುಗಡೆಯಿಂದಲೇ ಮಟ್ಟು ಮೂಡುವುದರಿಂದ ಸಾಹಿತ್ಯ ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ.

ಮೂರನೆಯದು, ವಾದ್ಯದ ಸರಳತೆ. ಕಲ್ಲು, ಮರದ ತುಂಡು, ಕಾಗದ, ಎಲೆ ಹೀಗೆ ಕೈಗೆ ಸಿಕ್ಕಿದ್ದೆಲ್ಲ ಕಾರಂತರಿಗೆ ವಾದ್ಯವಾಗುತ್ತಿತ್ತು. ಹಾಗಾಗಿ ಒಂದು ಹಾರ್ಮೋನಿಯಂ, ಒಂದು ತಾಳವಾದ್ಯ ಇದ್ದರೆ ಯಾವ ಊರಿನಲ್ಲೂ ಇವನ್ನು ಹಾಡಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಹರಡಿದ ಬಗೆ. ಚಿತ್ರಗೀತೆ ರೇಡಿಯೊ ಮತ್ತು ರೆಕಾರ್ಡಿನ ಬೆನ್ನೇರಿ ಮನೆಮನೆ ಸೇರಿತು. ರಂಗಗೀತೆ ತಾಲೀಮಿನ ಕೋಣೆಯಿಂದ ಬಾಯಿಂದ ಬಾಯಿಗೆ ಹೋಯಿತು. ಚಿತ್ರಗೀತೆಯ ಮೂಲ ಗಾಯಕರ ದನಿ ಕೇಳುಗರ ಕಿವಿಯಲ್ಲಿ ಅಚ್ಚೊತ್ತಿರುತ್ತದೆ. ರಂಗಗೀತೆಗೆ ಅಂಥ ಒಬ್ಬನೇ ಒಡೆಯನಿಲ್ಲ, ಹಾಡಿದವರದೇ ಹಾಡು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರಂಥ ಗಾಯಕ ನಟರು ರಂಗಗೀತೆಯನ್ನು ಮುಂದಿನ ತಲೆಮಾರಿಗೆ ಕಲಿಸಿದರು.

ಪ್ರಾದೇಶಿಕ ನೆಲೆ
ಕಾರಂತರ ಊರಿನ ಸುತ್ತಲಿನ ಸೀಮೆ ಹಾಡಿನ ಮೂಲಕ ಕಥೆ ಕೇಳಿ ಬೆಳೆದದ್ದು. ಮೂಡುಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ 'ಭರತೇಶ ವೈಭವ'ವನ್ನು ಬರೆದುದು ಹಾಡುವ ಛಂದಸ್ಸಾದ ಸಾಂಗತ್ಯದಲ್ಲಿ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳ ತೆಂಕುತಿಟ್ಟಿನ ಪ್ರಸಿದ್ಧ ಯಕ್ಷಗಾನ ಮೇಳ. ಮಕ್ಕಳ ಹಾಡುಗಳಿಂದ ಮನೆಮಾತಾದ ಪಂಜೆ ಮಂಗೇಶರಾಯರು (1874–1937) ಹುಟ್ಟಿದ್ದು ಬಂಟ್ವಾಳದಲ್ಲಿ. ಭಾಗವತರ ಪದ ಕೇಳಿ ಆಟದ ಕಥೆ ತಿಳಿಯುವ ಇಲ್ಲಿನ ಪ್ರೇಕ್ಷಕರಿಗೆ, ಹಾಡಿನಿಂದ ನಡೆಯುವ ಕಾರಂತರ ನಾಟಕ ಹೊಸದಾಗಿದ್ದರೂ ಹೊರಗಿನದಲ್ಲ.

ಶಿಬಿರಗಳಲ್ಲಿ ಈ ಹಾಡುಗಳನ್ನು ಕಲಿಯುವ ಮಕ್ಕಳು ಮಟ್ಟು ಹಾಕಿದವರ ಹೆಸರನ್ನು ಮೊದಲು ಕೇಳುವುದಿಲ್ಲ. ಚಪ್ಪಾಳೆಯ ತಾಳ ಹಿಡಿದು ಹಾಡತೊಡಗುತ್ತಾರೆ. ಜನಪದ ಗೀತೆ ಉಳಿದು ಬಂದದ್ದೂ ಹೀಗೆಯೇ.