ಆಕಾಶಕ್ಕೆ ಗೋಡೆಯಿಲ್ಲ

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರಾದ ನಮಗೆಲ್ಲ ಒಂದು ಭ್ರಮೆಯುಂಟು. ಬಸ್ಸಿನಲ್ಲಿ ನಾವು ಕನ್ನಡದಲ್ಲಿ ಆಡಿದ ಮಾತು ಅಕ್ಕಪಕ್ಕದವರಿಗೆ ತಿಳಿಯದು ಎಂಬುದೇ ಅದು. ಕೆಲವು ವರ್ಷಗಳ ಹಿಂದೆ ದೆಹಲಿಯ ಬಸ್ಸೊಂದರಲ್ಲಿ ನಾನೂ ನನ್ನ ಹೆಂಡತಿಯೂ ಎದುರು ಸೀಟಿನ ಸ್ಥೂಲಕಾಯದ ಮಹನೀಯರೊಬ್ಬರನ್ನು ಕುರಿತು ಸ್ವಲ್ಪ ಧಾರಾಳವಾಗಿಯೇ ಮಾತಾಡಿಕೊಂಡೆವು. ತಮ್ಮ ಸ್ಟಾಪು ಬಂದಾಗ ಅವರು ಎದ್ದು, "ಸ್ವಲ್ಪ ಕಾಲು ತೆಗೀತೀರಾ ಸ್ವಾಮಿ? ದಪ್ಪ ಆಳು, ಇಳೀಬೇಕು" ಎಂದರು, ಅಚ್ಚ ಮೈಸೂರು ಕನ್ನಡದಲ್ಲಿ! ಆ ದಿನ ನಾವಿಬ್ಬರೂ ಮನೆ ಸೇರುವವರೆಗೆ ಮತ್ತೆ ತುಟಿ ಬಿಚ್ಚಲಿಲ್ಲ.

ನಮ್ಮದು ನಗೆಯಲ್ಲಿ ಮುಗಿಯಿತು. ಆದರೆ 1940ರ ಬೇಸಿಗೆಯಲ್ಲಿ ಜರ್ಮನಿಯ ವಿಮಾನ ಚಾಲಕರು ಇದೇ ತಪ್ಪನ್ನು ಇಂಗ್ಲೆಂಡಿನ ಆಕಾಶದಲ್ಲಿ ಮಾಡಿದರು. ಅವರು ತೆತ್ತ ಬೆಲೆ ಬೇರೆಯೇ.

ಫ್ರಾನ್ಸ್ ಸೋತಿತ್ತು. ಬ್ರಿಟನ್ನಿನ ಮೇಲೆ ವಾಯುದಾಳಿ ಆರಂಭವಾಗಿತ್ತು. ಜರ್ಮನ್ ಚಾಲಕರು ಹಾರುತ್ತಾ ಒಬ್ಬರೊಡನೊಬ್ಬರು ರೇಡಿಯೋದಲ್ಲಿ ಮಾತಾಡುತ್ತಿದ್ದರು. ಗೂಢಲಿಪಿಯಲ್ಲ, ಸಾಮಾನ್ಯ ಜರ್ಮನ್ ಭಾಷೆ. ನಡುನಡುವೆ ಕೆಲವು ಸಂಕೇತ ಪದಗಳಿದ್ದವು ಅಷ್ಟೆ. ಶತ್ರುವಿನ ಫೈಟರ್ ವಿಮಾನಕ್ಕೆ ‘ಇಂಡಿಯಾನರ್’, ಎದುರಾಳಿಯನ್ನು ಉರುಳಿಸಿದರೆ ‘ಹೊರ್ರಿಡೋ’, ಮಾತು ತಿಳಿಯಿತು ಎನ್ನಲು ‘ವಿಕ್ಟರ್’. ನಾಲ್ಕು ದಿನ ಕಿವಿಗೊಟ್ಟವರಿಗೆ ಇವು ಗುಟ್ಟಾಗಿ ಉಳಿಯುವ ಮಾತುಗಳಲ್ಲ.

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಹೇಳಿದರೆ ವಾಚಕರು ಮನ್ನಿಸಬೇಕು, ಬಿ.ಎಸ್ಸಿ. ಓದಿದ್ದು ಎಲ್ಲಿಯಾದರೂ ಉಪಯೋಗಕ್ಕೆ ಬರಬೇಕಲ್ಲ! ಅವರ ಮಾತು ಹೆಚ್ಚಾಗಿ 40 ಮೆಗಾಹರ್ಟ್ಸ್ ಆಸುಪಾಸಿನ ಆವರ್ತನದಲ್ಲಿ ಸಾಗುತ್ತಿತ್ತು. ಇಂಥ ಅಲೆಗಳು ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿ ಹೋಗುತ್ತವೆ. ಭೂಮಿಯ ಉಬ್ಬನ್ನು ಸುತ್ತಿ ದೂರ ಹೋಗಲಾರವು. ನೆಲದ ಮೇಲಿದ್ದವರ ಮಾತು ಅನತಿದೂರದಲ್ಲೇ ಸಾಯುತ್ತದೆ. ಆದರೆ ಎತ್ತರಕ್ಕೇರಿದವನ ಮಾತು ಹಾಗಲ್ಲ. ಮೀಟರುಗಳಲ್ಲಿ ಎತ್ತರದ ವರ್ಗಮೂಲ ತೆಗೆದು 4.12ರಿಂದ ಗುಣಿಸಿದರೆ ಅಲೆ ಮುಟ್ಟುವ ದೂರ ಕಿಲೋಮೀಟರುಗಳಲ್ಲಿ ಸುಮಾರಾಗಿ ಸಿಗುತ್ತದೆ. 100 ಮೀಟರ್ ಎತ್ತರಕ್ಕೆ ಸುಮಾರು 41 ಕಿಲೋಮೀಟರ್. 5,000 ಮೀಟರಿಗೆ ಸುಮಾರು 290. ಕಡಲಾಚೆ ಫ್ರಾನ್ಸಿನ ಮೇಲೆ ಗುಂಪುಗೂಡುತ್ತಿದ್ದಾಗಲೇ ಅವರ ಮಾತು ಇಂಗ್ಲೆಂಡಿನ ದಂಡೆಗೆ ಬಂದು ಮುಟ್ಟುತ್ತಿತ್ತು.

ಬ್ರಿಟಿಷರ ಬಳಿ ರಾಡಾರ್ ಇತ್ತು. ವಿಮಾನಗಳು ಎಲ್ಲಿವೆ, ಸುಮಾರು ಎಷ್ಟಿವೆ ಎಂದು ಅದು ಹೇಳಬಲ್ಲದು. ಅವರ ಮನಸ್ಸಿನಲ್ಲಿ ಏನಿದೆ ಎಂದು ಹೇಳಲಾರದು. ಅದನ್ನು ಹೇಳಬಲ್ಲದ್ದು ಕಿವಿಯೊಂದೇ. ಹೀಗೆ ಬೆಳೆದದ್ದು ‘ವೈ ಸರ್ವಿಸ್’ ಎಂಬ ಆಲಿಸುವ ಪಡೆ. ರೇಡಿಯೋ ತಿರುಗಿಸಬಲ್ಲವರು ಬೇಕಾದಷ್ಟಿದ್ದರು. ಜರ್ಮನ್ ಬಲ್ಲವರೇ ಕಡಿಮೆ. ಆದ್ದರಿಂದ ವಾಯುಪಡೆಯ ಮಹಿಳಾ ವಿಭಾಗದಲ್ಲಿ ಆ ಭಾಷೆ ಬಲ್ಲ ತರುಣಿಯರನ್ನು ಹುಡುಕಿ, ಕೆಂಟ್ ಪ್ರಾಂತದ ಹಾಕಿಂಜ್ ವಿಮಾನನೆಲೆಗೆ ಕಳುಹಿಸಿದರು. ಅವರಲ್ಲೊಬ್ಬರು ಐಲೀನ್ ಮಾರಿಸ್. ಹೆಡ್‌ಫೋನ್ ಕಿವಿಗಿಟ್ಟು, ಕೈಯಲ್ಲಿ ಪೆನ್ಸಿಲ್ ಹಿಡಿದು, ಕೇಳಿದ್ದನ್ನೆಲ್ಲ ಬರೆದುಕೊಳ್ಳುವುದೇ ಅವರ ಕೆಲಸ. ಯಾವ ತಂಡ, ಯಾವ ನೆಲೆಯಿಂದ ಬಂದದ್ದು, ಮುಂದಿನ ನಡೆ ಏನು ಎಂಬುದನ್ನು ಕರೆಹೆಸರಿನಿಂದಲೂ ಮಾತಿನ ಧಾಟಿಯಿಂದಲೂ ಊಹಿಸಿ ಫೈಟರ್ ಪಡೆಗೆ ತಿಳಿಸುತ್ತಿದ್ದರು.

ದಿನವೂ ಕೇಳಿದ ಧ್ವನಿ ಪರಿಚಿತವಾಗದೆ ಇರುತ್ತದೆಯೆ? ‘ಆಮ್ಜೆಲ್ ಐನ್ಸ್’ ಎಂಬ ಕರೆಹೆಸರಿನ ಜರ್ಮನ್ ಚಾಲಕನೊಬ್ಬನಿದ್ದ. ಆಮ್ಜೆಲ್ ಎಂದರೆ ಯೂರೋಪಿನ ಒಂದು ಹಾಡುಹಕ್ಕಿ. ಐನ್ಸ್ ಎಂದರೆ ಒಂದು. ತನ್ನನ್ನು ಯಾರೋ ಆಲಿಸುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು. ಬೇಕೆಂದೇ ಇಂಗ್ಲಿಷಿನಲ್ಲಿ ಈ ಕೇಳುಗರನ್ನು ಮಾತಾಡಿಸುತ್ತಿದ್ದ. ನಿಮ್ಮ ಮೇಲೊಂದು ಬಾಂಬು ಹಾಕಲೇ ಎಂದು ತಮಾಷೆ ಮಾಡುತ್ತಿದ್ದ. ಹುಡುಗಿಯರಿಗೆ ಅವನ ಮೇಲೆ ಒಂದು ಬಗೆಯ ಅಭಿಮಾನ ಹುಟ್ಟಿತ್ತು. ಒಂದು ದಿನ ಅವರು ಒಪ್ಪಿಸಿದ ವರದಿಯ ನೆರವಿನಿಂದಲೇ ಬ್ರಿಟಿಷ್ ಫೈಟರುಗಳು ಅವನನ್ನು ಹೊಡೆದುರುಳಿಸಿದವು. ಉರಿಯುವ ವಿಮಾನದಿಂದ ಅವನಿಗೆ ಹೊರಬರಲಾಗಲಿಲ್ಲ. ತಾಯಿಯನ್ನು ಕೂಗಿ, ಹಿಟ್ಲರನನ್ನು ಶಪಿಸಿ ಅವನು ಅರಚಿದ್ದೆಲ್ಲವೂ ಅದೇ ಹೆಡ್‌ಫೋನಿನಲ್ಲಿ ಕೇಳಿಸಿತು. ಐಲೀನ್ ಹೊರಗೆ ಹೋಗಿ ವಾಂತಿ ಮಾಡಿಕೊಂಡರು. ಮದುವೆಯ ನಂತರ ಐಲೀನ್ ಕ್ಲೇಟನ್ ಆದ ಅವರು 1980ರಲ್ಲಿ ಪ್ರಕಟಿಸಿದ ತಮ್ಮ ನೆನಪಿನ ಪುಸ್ತಕದಲ್ಲಿ ಈ ಸಂಗತಿಯನ್ನು ಬರೆದಿದ್ದಾರೆ. ಕರ್ತವ್ಯದಲ್ಲಿ ಅವರಿಂದ ಲೋಪವಾಗಲಿಲ್ಲ. ಆದರೂ ನಾಲ್ಕು ದಶಕ ಕಳೆದ ಮೇಲೂ ಆ ಧ್ವನಿ ಕಿವಿ ಬಿಟ್ಟು ಹೋಗಿರಲಿಲ್ಲ.

ಯುದ್ಧ ಮುಗಿಯಿತು, ಆಲಿಸುವುದು ಮುಗಿಯಲಿಲ್ಲ. ಅದು ಈಗ ಹಲವರ ಹವ್ಯಾಸ. ಬ್ರಿಟನ್ನಿನ ಸೇನಾ ವಿಮಾನನೆಲೆಗಳ ಬೇಲಿಯ ಹೊರಗೆ ‘ಸ್ಕ್ಯಾನರ್’ ಎಂಬ ಕೈರೇಡಿಯೋ ಹಿಡಿದು ನಿಂತವರನ್ನು ಇಂದಿಗೂ ಕಾಣಬಹುದು. ಸ್ಕ್ಯಾನರ್ ಒಂದೊಂದೇ ಚಾನೆಲನ್ನು ಸರಸರನೆ ತಡಕುತ್ತಾ ಹೋಗಿ, ಮಾತು ಸಿಕ್ಕಲ್ಲಿ ನಿಲ್ಲುತ್ತದೆ. ನಾಗರಿಕ ವಿಮಾನಗಳು ಮಾತಿಗೆ ಬಳಸುವುದು 118ರಿಂದ 137 ಮೆಗಾಹರ್ಟ್ಸ್. ಸೇನಾ ವಿಮಾನಗಳು ಹೆಚ್ಚಾಗಿ 225ರಿಂದ 400. ಒಂದೇ ನೆಲೆಗೆ ಎರಡೂ ಬಗೆಯವು ಬಂದರೆ ಇವರ ಮಾತು ಅವರಿಗೆ ಕೇಳದು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡಿ ಅಪಾಯವಾಗಬಹುದು. ಆದ್ದರಿಂದ ಒಂದು ಆವರ್ತನದಲ್ಲಿ ಬಂದ ಮಾತನ್ನು ನೆಲದ ಯಂತ್ರವೇ ಇನ್ನೊಂದರಲ್ಲಿ ಮರುಪ್ರಸಾರ ಮಾಡುವ ಏರ್ಪಾಡು ಉಂಟು. ಇದರಿಂದ ಬೇಲಿಯ ಹೊರಗಿನವನಿಗೂ ಲಾಭ. ಗುಡ್ಡದ ಮರೆಯಲ್ಲಿ ತಗ್ಗಿನಲ್ಲಿ ಹಾರುವ ವಿಮಾನದ ಮಾತು ಅವನಿಗೆ ನೇರವಾಗಿ ಸಿಕ್ಕದಿದ್ದರೂ ಹತ್ತಿರದ ಕಂಬದಿಂದ ಸ್ಪಷ್ಟವಾಗಿ ಸಿಗುತ್ತದೆ.

ಇದರಲ್ಲೊಂದು ಸೋಜಿಗವಿದೆ. ಕೈಯಲ್ಲಿರುವುದು ಡಿಜಿಟಲ್ ಸ್ಕ್ಯಾನರ್. ಕೇಳಿಸುವುದು ಮಾತ್ರ 1940ರ ಅದೇ ಎ.ಎಂ. ವಿಧಾನದ ಮಾತು. ಇಬ್ಬರು ಒಟ್ಟಿಗೆ ಮಾತಾಡಿದರೆ ಎ.ಎಂ.ನಲ್ಲಿ ಕೀರಲು ಸದ್ದು ಬಂದು ಗುಟ್ಟು ರಟ್ಟಾಗುತ್ತದೆ, ಎಫ್.ಎಂ.ನಲ್ಲಾದರೆ ಬಲವಾದ ಧ್ವನಿ ದುರ್ಬಲವಾದದ್ದನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಹಾಗೆ ನುಂಗಿಹೋದ ಧ್ವನಿ ಅಪಾಯದಲ್ಲಿರುವವನದೇ ಆಗಿರಬಹುದು. ಯುದ್ಧದ ಮಾತಿಗೆಂದು ಕ್ಷಣಕ್ಷಣಕ್ಕೂ ಆವರ್ತನ ಬದಲಿಸುವ ಯಂತ್ರಗಳು 1980ರ ದಶಕದಲ್ಲೇ ಬಂದವು. ಆದರೆ ಇಳಿಯುವ ವಿಮಾನದ ಮಾತು ಎಲ್ಲರಿಗೂ ಕೇಳುವಂತಿರಬೇಕು. ಪ್ರಾಣರಕ್ಷಣೆ ಇರುವುದೇ ಅದರಲ್ಲಿ.

ಹಾಗೆಂದು ಕೇಳುವುದು ಎಲ್ಲೆಲ್ಲೂ ನಿರ್ಬಾಧವೆಂದು ತಿಳಿಯಬೇಡಿ. ಬ್ರಿಟನ್ನಿನಲ್ಲಿ ಸ್ಕ್ಯಾನರ್ ಕೊಳ್ಳಬಹುದು. ತನಗಲ್ಲದ ಮಾತನ್ನು ಆಲಿಸುವುದು ಕಾನೂನಿನಂತೆ ಅಪರಾಧ. ನಮ್ಮ ದೇಶದಲ್ಲಿ 1933ರ ವೈರ್‌ಲೆಸ್ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಯಂತ್ರವನ್ನು ಇಟ್ಟುಕೊಳ್ಳುವುದೇ ತಪ್ಪಾಗಿತ್ತು. ಅಂಥ ಹಳೆಯ ಕಾಯಿದೆಗಳ ಸ್ಥಾನಕ್ಕೆಂದು 2023ರಲ್ಲಿ ದೂರಸಂಪರ್ಕ ಅಧಿನಿಯಮ ಬಂದಿದೆ. ನಮ್ಮ ತಂದೆಯವರ ಟ್ರಂಕಿನಲ್ಲಿ ಇನ್ನೂ ಒಂದು ರೇಡಿಯೋ ಲೈಸೆನ್ಸ್ ಪುಸ್ತಕವಿದೆ. ಬೆಳಗಿನ ಕನ್ನಡ ವಾರ್ತೆ ಕೇಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ನವೀಕರಿಸಿಕೊಳ್ಳುತ್ತಿದ್ದ ಪುಸ್ತಕ. ಕೇಳುವುದಕ್ಕೂ ಅಪ್ಪಣೆ ಬೇಕೆ ಎಂದು ಚಿಕ್ಕಂದಿನಲ್ಲಿ ಅದನ್ನು ನೋಡಿ ನಗುತ್ತಿದ್ದೆ. ಐಲೀನರ ಕಥೆ ಓದಿದ ಮೇಲೆ ಆ ನಗೆ ಸ್ವಲ್ಪ ಕಡಿಮೆಯಾಗಿದೆ. ಕಿವಿಗೆ ಬಿದ್ದ ಮಾತಿನ ಹೊರೆಯನ್ನು ಕೇಳಿದವನೇ ಹೊರಬೇಕಲ್ಲ!

ಅಂದಿನ ಬಸ್ಸಿನ ಮಹನೀಯರು ನಮ್ಮ ಮಾತನ್ನೆಲ್ಲ ಕೇಳಿಯೂ ಸಿಟ್ಟಾಗಲಿಲ್ಲ. ಇಳಿದ ಮೇಲೆ ಕಿಟಕಿಯ ಕಡೆ ತಿರುಗಿ, "ಯಾವ ಊರು ನಿಮ್ಮದು?" ಎಂದು ಕೇಳಿದರು. ನಾನು ಉತ್ತರ ಹೇಳುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು.