ಬೀಗದ ಕೈಗೂ ರಫ್ತು ನಿರ್ಬಂಧ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಮೊಬೈಲಿನಿಂದ ಹಣ ಕೊಡುವವರು ಗೂಢಲಿಪಿಯ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಆ ಹಣ ಕಳ್ಳರ ಕಣ್ಣಿಗೆ ಬೀಳದೆ ಬ್ಯಾಂಕಿನಿಂದ ಬ್ಯಾಂಕಿಗೆ ಸಾಗುವುದು ಗೂಢಲಿಪಿಯ ಬಲದಿಂದಲೇ. ಇದೇ ವಿದ್ಯೆಯನ್ನು ಅಮೆರಿಕ ಸರ್ಕಾರ 1996ರ ಕೊನೆಯವರೆಗೂ ಟ್ಯಾಂಕು, ಕ್ಷಿಪಣಿಗಳ ಜೊತೆ ಯುದ್ಧಸಾಮಗ್ರಿಗಳ ಪಟ್ಟಿಯಲ್ಲಿ ಇಟ್ಟಿತ್ತು. ಪರವಾನಗಿಯಿಲ್ಲದೆ ಅದನ್ನು ಹೊರದೇಶಕ್ಕೆ ಕಳುಹಿಸುವುದು ಅಪರಾಧವಾಗಿತ್ತು.

ಗೂಢಲಿಪಿ ಎಂದರೆ ಅಂಕಿ ತಿರುಗಿಸಿ ತೆರೆಯುವ ಬೀಗವಿದ್ದಂತೆ. ಕೀಲಿಗೆ ಒಂದು ಬಿಟ್ ಸೇರಿಸಿದರೆ ಕಳ್ಳ ಪ್ರಯತ್ನಿಸಬೇಕಾದ ಜೋಡಣೆಗಳು ಎರಡರಷ್ಟಾಗುತ್ತವೆ. ನೆಟ್‌ಸ್ಕೇಪ್ ಬ್ರೌಸರ್ ಅಮೆರಿಕನ್ನರಿಗೆ 128 ಬಿಟ್‌ನ ಬೀಗ ಕೊಡುತ್ತಿತ್ತು. ಹೊರದೇಶದವರಿಗೆ ಸಿಗುತ್ತಿದ್ದದ್ದು 40 ಬಿಟ್ ಮಾತ್ರ, ಅಂದರೆ ಸುಮಾರು 1.1 ಲಕ್ಷ ಕೋಟಿ ಜೋಡಣೆ. ಕೇಳಲು ದೊಡ್ಡ ಸಂಖ್ಯೆ, ಗಣಕಯಂತ್ರಕ್ಕೆ ಲೆಕ್ಕಕ್ಕಿಲ್ಲ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಬಂದ 1995ರ ಆಗಸ್ಟ್ ತಿಂಗಳಲ್ಲೇ ಫ್ರಾನ್ಸಿನ ಡೇಮಿಯನ್ ಡೋಲಿಜೆ ಎಂಬಾತ ಸುಮಾರು 120 ಗಣಕಯಂತ್ರಗಳನ್ನು ಬಳಸಿ ಎಂಟು ದಿನಗಳಲ್ಲಿ ಈ ಬೀಗವನ್ನು ಮುರಿದು ತೋರಿಸಿದ.

ಪ್ರತಿಭಟನೆ ಅಮೆರಿಕದ ಒಳಗಿನಿಂದಲೇ ಎದ್ದಿತ್ತು. 1991ರಲ್ಲಿ ಫಿಲ್ ಝಿಮರ್‌ಮನ್ 'ಪಿಜಿಪಿ' ಎಂಬ ಪ್ರಬಲ ಗೂಢಲಿಪಿ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಅದು ದೇಶದ ಗಡಿ ದಾಟಿತು. 1993ರಲ್ಲಿ ಅವರ ಮೇಲೆ ಆರಂಭವಾದ ತನಿಖೆಯನ್ನು ಮೊಕದ್ದಮೆ ಹೂಡದೆಯೇ 1996ರ ಜನವರಿಯಲ್ಲಿ ಕೈಬಿಡಲಾಯಿತು. ಈ ನಡುವೆ ನಡೆದದ್ದು ಸ್ವಾರಸ್ಯಕರ. ತಂತ್ರಾಂಶದ ರಫ್ತಿಗೆ ನಿರ್ಬಂಧವಿತ್ತು, ಪುಸ್ತಕಕ್ಕೆ ಇರಲಿಲ್ಲ. ಸರ್ಕಾರ ಚಾಪೆಯ ಕೆಳಗೆ ತೂರಿದರೆ ಇವರು ರಂಗೋಲಿಯ ಕೆಳಗೆ ತೂರಿದರು. 1995ರಲ್ಲಿ ಎಂಐಟಿ ಮುದ್ರಣಾಲಯ ಪಿಜಿಪಿಯ ಮೂಲ ಸಂಕೇತಗಳನ್ನು ಪುಸ್ತಕವಾಗಿಯೇ ಅಚ್ಚು ಹಾಕಿತು. 1997ರಲ್ಲಿ ಮುಂದಿನ ಆವೃತ್ತಿಯ ಮುದ್ರಿತ ಪುಟಗಳು ಯೂರೋಪಿಗೆ ಹೋದವು. ಅಲ್ಲಿ ಸ್ವಯಂಸೇವಕರು ಅವನ್ನು ಸ್ಕ್ಯಾನ್ ಮಾಡಿ ಮತ್ತೆ ತಂತ್ರಾಂಶವಾಗಿಸಿದರು.

ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೈನ್ 1995ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ, ಸಂಕೇತ ಬರೆಯುವುದೂ ವಾಕ್‌ಸ್ವಾತಂತ್ರ್ಯವೇ ಎಂದು ವಾದಿಸಿದರು. 1999ರಲ್ಲಿ ಮೇಲ್ಮನವಿ ನ್ಯಾಯಪೀಠವೊಂದು ಈ ವಾದವನ್ನು ಒಪ್ಪಿತು. 2000ದ ಜನವರಿಯಲ್ಲಿ ಸರ್ಕಾರ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿತು.

ಕತೆ ಅಷ್ಟಕ್ಕೇ ಮುಗಿಯಲಿಲ್ಲ. ಅಮೆರಿಕ ಬಿಟ್ಟ ನಿಯಮವನ್ನು ಭಾರತ ಹಿಡಿದುಕೊಂಡಿತ್ತು. ದೂರಸಂಪರ್ಕ ಇಲಾಖೆಯ ಅಂತರ್ಜಾಲ ಪರವಾನಗಿಯಲ್ಲಿ, ಅನುಮತಿಯಿಲ್ಲದೆ 40 ಬಿಟ್‌ಗಿಂತ ದೊಡ್ಡ ಕೀಲಿಯನ್ನು ಬಳಸಬಾರದೆಂಬ ಷರತ್ತಿತ್ತು. ಅದೇ ಕಾಲದಲ್ಲಿ, 2001ರಲ್ಲಿ, ಅಂತರ್ಜಾಲ ಬ್ಯಾಂಕಿಂಗ್‌ಗೆ ಕನಿಷ್ಠ 128 ಬಿಟ್ ಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತು. ಗ್ರಾಹಕರ ಹಣ ಕಾಯಬೇಕಾದವರಿಗೆ ಸಣ್ಣ ಬೀಗ ಸಾಲದಾಗಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಗೂಢಲಿಪಿ ನೀತಿಯ ಕರಡನ್ನು ಪ್ರಕಟಿಸಿತು. ಜನರು ತಮ್ಮ ಸಂದೇಶಗಳ ಮೂಲರೂಪವನ್ನು 90 ದಿನ ಉಳಿಸಿಕೊಂಡು, ಕೇಳಿದಾಗ ಒಪ್ಪಿಸಬೇಕೆಂದು ಅದರಲ್ಲಿತ್ತು. ಭಾರಿ ವಿರೋಧ ಎದುರಾಗಿ 22ರಂದು ಕರಡನ್ನು ಹಿಂತೆಗೆದುಕೊಳ್ಳಬೇಕಾಯಿತು.

ಅಪರಾಧಿಗಳನ್ನು ಹಿಡಿಯಲು ಸರ್ಕಾರಕ್ಕೆ ದಾರಿ ಬೇಕು ಎಂಬುದು ನಿಜ. ಆದರೆ ಪೊಲೀಸರಿಗೆ ಸುಲಭವಾಗಲೆಂದು ಸಡಿಲಗೊಳಿಸಿದ ಬೀಗ ಕಳ್ಳರಿಗೂ ಸುಲಭವೇ.